ಅತ್ತಿಯ ಅರ್ಧ ಒಪ್ಪಿಗೆ

ಕಪಾಟಿನಿಂದ ಡಾಂಬರು ಗುಳಿಗೆಯ ವಾಸನೆ ಬಂದರೆ ಸಾಕು, ಮೆಹದಿಪಟ್ಟಣಂನ ನಮ್ಮ ಮನೆ ನೆನಪಾಗುತ್ತದೆ. ಅದರ ಬೆನ್ನಿಗೇ ದೊಡ್ಡಪ್ಪ ನೆನಪಾಗಿ ಮೈ ಉರಿಯುತ್ತದೆ. ಅದು ಅವನ ಕರಿ ಕೋಟಿನ ವಾಸನೆ. ಹಿರಿಯರಿಗೆ ಬಹುವಚನ ಕೊಡಬೇಕು, ಹೌದು, ಆದರೆ ಮನಸ್ಸು ಬರವಲ್ಲದು. ಹೈದರಾಬಾದಿನ ಸುಡು ಬಿಸಿಲಲ್ಲೂ ಆ ಕೋಟು ಏರಿಸಿಕೊಂಡು ಕಾಲೇಜಿಗೆ ಹೋಗಿ ಇಂಗ್ಲಿಷ್ ಕಲಿಸುತ್ತಿದ್ದ. ಅದು ಸಾಲದೆಂದು ರವಿವಾರ ಅವಲಕ್ಕಿ ತಿಂದಾದ ಮೇಲೆ ಪಡಸಾಲೆಯ ಚಾಪೆ ಮೇಲೆ ನಮ್ಮನ್ನೆಲ್ಲ ಕೂಡ್ರಿಸಿ, ವಿದ್ವಾಂಸರು ಒಬ್ಬರ ಮಾತನ್ನೊಬ್ಬರು ಹೇಗೆ ಅಲ್ಲಗಳೆಯುತ್ತಾರೆ ಎಂಬ ಪಾಠ. ನೇರ ‘ಒಲ್ಲೆ’ ಅನ್ನುವುದು ಗಮಾರರ ಲಕ್ಷಣವಂತೆ. ಮೊದಲು ‘ಐ ಸೀ ಯುವರ್ ಪಾಯಿಂಟ್’ ಅಂದು ಅರ್ಧ ಒಪ್ಪಬೇಕು, ಆಮೇಲೆ ‘ಹೌಎವರ್’ ಅಂತ ಮೆಲ್ಲಗೆ ಜಾರಿಕೊಳ್ಳಬೇಕು. ಬದನೆಕಾಯಿ ಪಲ್ಯ ಬೇಡ ಅನ್ನಲಿಕ್ಕೂ ಇದೇ ಶಾಸ್ತ್ರ. ನಾವು ಹೌಎವರ್ ಮುಟ್ಟುವಷ್ಟರಲ್ಲಿ ಪಲ್ಯ ತಾಟಿಗೆ ಬಿದ್ದಿರುತ್ತಿತ್ತು. ಬಾಗಿಲಿಗೆ ಬಂದ ಕಾಯಿಪಲ್ಯೆಯವಳಿಗೆ ಮಾತ್ರ ಆ ಮಹಾಶಯ ತೆಲುಗಿನಲ್ಲಿ ‘ವದ್ದು, ಪೋ’, ಬೇಡ, ಹೋಗು, ಎಂದು ಗದರುತ್ತಿದ್ದ. ಥೂ, ಎಂಥ ಸಭ್ಯತೆ!

ಅವನ ಕೊನೆಯ ತಂಗಿ ಕಮಲಾ ಅತ್ತಿ ಈ ಪಾಠದಲ್ಲಿ ಎಲ್ಲರಿಗಿಂತ ಹುಷಾರು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಸಂಜೆ ಬಸ್ಸಿಳಿದು ಬರುವಾಗ ನಮಗಾಗಿ ಹುರಿದ ಶೇಂಗಾ ತರುತ್ತಿದ್ದಳು, ಆ ಬಿಸಿ ಪೊಟ್ಟಣದ ಘಮ ಅವಳಿಗಿಂತ ಮೊದಲೇ ಒಳಗೆ ಬರುತ್ತಿತ್ತು. ರಾಯಚೂರಿನ ಸಂಬಂಧವೊಂದು ಕೂಡಿಬಂತು. ಹುಡುಗಿ ನೌಕರಿ ಬಿಡಬೇಕು ಎಂದರು ಗಂಡಿನವರು. ಅತ್ತಿಗೋ ಆ ನೌಕರಿ ಅಂದರೆ ಜೀವ. ಆ ರವಿವಾರ ದೊಡ್ಡಪ್ಪ ಎಲ್ಲರೆದುರು, “ನೌಕರಿ ಬಿಡೂದ ಛಲೋ ಅಂತೀನಿ ನಾ. ನಿನ್ನ ಅಭಿಪ್ರಾಯ ಹೇಳವಾ” ಅಂದ. ಅತ್ತಿ ಎದ್ದು ನಿಂತು, ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ, ಅವನೇ ಕಲಿಸಿದ ಹಾಗೆ ಹೇಳಿದಳು: “ಐ ಅಗ್ರೀ ವಿತ್ ಯೂ ಟು ಎ ಸರ್ಟನ್ ಎಕ್ಸ್‌ಟೆಂಟ್. ಹೌಎವರ್, ಐ ವುಡ್ ಪ್ರಿಫರ್ ಟು ಕೀಪ್ ಮೈ ಜಾಬ್.” ನಿನ್ನ ಮಾತು ತಕ್ಕಮಟ್ಟಿಗೆ ಒಪ್ಪಿದೆ, ಆದರೂ ನೌಕರಿ ಬಿಡಲಾರೆ ಅಂತ.

ದೊಡ್ಡಪ್ಪ ಚಪ್ಪಾಳೆ ತಟ್ಟಿಬಿಟ್ಟ. “ಭೇಷ್! ಕೇಳಿದ್ರಿಲ್ಲೋ? ಹಿಂಗ ಮಾತಾಡಬೇಕು!”

ಇಂಗ್ಲಿಷ್ ತಿಳಿಯದ ಅಜ್ಜಿ ಕೇಳಿದಳು: “ಹುಡುಗಿ ಏನಂದಳೋ?”

“ಒಪ್ಪ್ಯಾಳ, ಅವ್ವಾ. ಭಾಳ ಚಂದ ಒಪ್ಪ್ಯಾಳ.”

ವಾಕ್ಯದ ಚಂದ ನೋಡಿದ ಮಹಾಪಂಡಿತ ತಂಗಿಯ ಮುಖ ನೋಡಲಿಲ್ಲ. ಮರುದಿನವೇ ರಾಯಚೂರಿಗೆ ಹೂಂ ಅಂತ ತಿಳಿಸಿದ. ಅತ್ತಿಯೂ ಮತ್ತೆ ಬಾಯಿ ತೆರೆಯಲಿಲ್ಲ. ಹೇಳಬೇಕಾದ್ದನ್ನು ಅವಳು ಹೇಳಿಯಾಗಿತ್ತಲ್ಲ.

ಮದುವೆಯಾಗಿ ಮೊದಲ ದೀಪಾವಳಿಗೆ ತವರಿಗೆ ಬಂದಾಗ ಅತ್ತಿ ಇಳಿದುಹೋಗಿದ್ದಳು. “ಆರಾಮ ಅದೀಯಲ್ಲವಾ?” ಎಂದು ಕೇಳಿದ ದೊಡ್ಡಪ್ಪ. ಅತ್ತಿ ನೆಲ ನೋಡುತ್ತ, “ಟು ಎ ಸರ್ಟನ್ ಎಕ್ಸ್‌ಟೆಂಟ್, ಅಣ್ಣಾ” ಅಂದಳು. “ಭೇಷ್” ಅಂದು ಅವನು ಇನ್ನೊಂದು ಕರಚಿಕಾಯಿ ಬಾಯಿಗಿಟ್ಟ.

ಈಗ ಪಡಸಾಲೆ ಇದ್ದಲ್ಲಿ ಮೊಬೈಲ್ ಅಂಗಡಿ ಇದೆ. ದೊಡ್ಡಪ್ಪ ಹೋದ, ಅತ್ತಿಯೂ ಹೋದಳು. ಕೋಟು ಮಾತ್ರ ಹೇಗೋ ನನ್ನ ಪಾಲಿಗೆ ಉಳಿದಿದೆ. ಅಂಥ ಮನೆಗಳಲ್ಲಿ ಬೆಳೆದವರು ನೀವಾದರೆ ನಿಮಗೂ ಗೊತ್ತಿರುತ್ತದೆ, ಕೆಲವು ಸಂಜೆ ಸುಮ್ಮನೆ ಬಾಗಿಲ ಕಡೆ ಕಣ್ಣು ಹೋಗುತ್ತದೆ. ಶೇಂಗಾದ ಘಮ ಬರುವುದಿಲ್ಲ. ಅಷ್ಟು ಜನ ಕೂತಿದ್ದ ಆ ಚಾಪೆಯ ಮೇಲೆ ಅವಳ ಪರವಾಗಿ ಒಬ್ಬರಾದರೂ ಗಮಾರರ ಹಾಗೆ ‘ಒಲ್ಲಳು’ ಎಂದು ಕೂಗಿದ್ದರೆ!