ಕೆಂಪಾಗದ ಲೋಹ

ಉಚ್ಚಂಗಮ್ಮನ ಮನೆಯಲ್ಲಿ, ಕೆಲಸ ಮುಗಿಸಿ ಬಂದವರನ್ನು "ಬಂದ್ಯಾ?" ಎಂದು ಕೇಳುವ ರೂಢಿಯೇ ಇಲ್ಲ. ಕೇಳುವುದು ಒಂದೇ ಮಾತು: "ಕೆಂಪಾಯ್ತಾ?" ಅಂದರೆ, ಇವತ್ತು ಕುಲುಮೆಯಲ್ಲಿ ಕಬ್ಬಿಣ ಚೆನ್ನಾಗಿ ಕರಗಿ ಹರಿಯಿತಾ ಎಂದು. "ಆಯ್ತು" ಅಂದರೆ ತಟ್ಟೆ ಬಂತು. ಗಂಡ ಗೋವಿಂದಯ್ಯ ಇರುವವರೆಗೆ ಹಾಗೆ ಉತ್ತರ ಕೊಟ್ಟ. ಅವನ ನಂತರ ಮಗ ಭೀಮೇಶ್, ಭದ್ರಾವತಿಯ ಅದೇ ಕಾರ್ಖಾನೆಯ ಅದೇ ಕುಲುಮೆಯ ಮುಂದೆ ನಿಂತು ಬೆವರು ಸುರಿಸಿ, ಅದೇ ಉತ್ತರ ಕೊಟ್ಟ.

ಆ ಕುಲುಮೆ ಆರಿಹೋಯಿತು. ಯಾಕೆ, ಯಾರಿಂದ ಎಂದು ನನ್ನನ್ನು ಕೇಳಬೇಡಿ; ಊರಿನ ಯಾವ ಟೀ ಅಂಗಡಿಯಲ್ಲಿ ಕೂತರೂ ಅದರ ಬಗ್ಗೆ ಹೊಟ್ಟೆ ತುಂಬ ಬೈಗುಳ ಸಿಗುತ್ತದೆ. ಭೀಮೇಶನಿಗೆ ಬೇರೆ ಕೆಲಸ ಸಿಕ್ಕಿದ್ದು ಶಿವಮೊಗ್ಗದ ರಸ್ತೆಯಲ್ಲಿ, ಅಲ್ಯೂಮಿನಿಯಂ ಕರಗಿಸಿ ಪಂಪಿನ ಭಾಗಗಳನ್ನು ಎರಕ ಹೊಯ್ಯುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಕಾರ್ಖಾನೆ ಬೇರೆ ಎಂದು ತಾಯಿಗೆ ಗೊತ್ತಿತ್ತು. ಲೋಹವೂ ಬೇರೆ ಎಂದು ಅವನು ಬಾಯಿ ಬಿಟ್ಟಿರಲಿಲ್ಲ.

ಎಂಥ ಲೋಹ ಮಾರಾಯ್ರೆ ಅದು! ಕರಗುತ್ತದೆ, ಕೆಂಪಾಗುವುದಿಲ್ಲ. ಎರಕಕ್ಕೆ ಬೇಕಾದಷ್ಟು ಕಾದಿದ್ದರೂ ಪಾತ್ರೆಯಲ್ಲಿಟ್ಟ ಹಾಲಿನ ಹಾಗೆ ಬೆಳ್ಳಗೆ, ಸುಮ್ಮನೆ ಇರುತ್ತದೆ. ಕೆಂಪು ಕಂಡಿತೋ, ಅತಿಯಾಗಿ ಕಾದು ಕೆಟ್ಟಿತು ಎಂದೇ ಲೆಕ್ಕ. ಎರಕದ ತುಂಬ ಸಣ್ಣ ಸಣ್ಣ ತೂತು. ಇದು ಭೀಮೇಶನಿಗೆ ಗೊತ್ತಿರಲಿಲ್ಲವೇ? ಸೇರಿದ ವಾರವೇ ಗೊತ್ತಾಗಿತ್ತು. ಆದರೂ ಯಾರೂ ಹತ್ತಿರ ಇಲ್ಲದಾಗ ಇನ್ನೊಂದು ಸ್ವಲ್ಪ ಹೊತ್ತು ಕಾಯಲು ಬಿಡುತ್ತಿದ್ದ. ತಳದಿಂದ ಮೆಲ್ಲಗೆ ಕೆಂಪು ಮೇಲೇಳುತ್ತಿತ್ತು. ಆ ಬೆಳಕು ಮುಖಕ್ಕೆ ಬಡಿದರೆ ಅವನ ಎದೆ ತುಂಬಿ ಬರುತ್ತಿತ್ತು; ಅಪ್ಪ ಪಕ್ಕದಲ್ಲೇ ನಿಂತಿದ್ದಾನೆ ಅನಿಸುತ್ತಿತ್ತು. ಅಂಥ ದಿನ ಸಂಜೆ "ಆಯ್ತವ್ವ" ಎನ್ನಲು ಅವನು ಸುಳ್ಳು ಹೇಳಬೇಕಿರಲಿಲ್ಲ. ಮಿಕ್ಕ ದಿನವೆಲ್ಲ ಸುಳ್ಳೇ.

ಮಾಲೀಕ ಸುದರ್ಶನ ಕೆಟ್ಟವನಲ್ಲ, ಕಷ್ಟದಲ್ಲಿದ್ದವನು. ಹಳೆಯ ಎಣ್ಣೆ ಕುಲುಮೆ ಕಿತ್ತು, ಶಾಖ ತೋರಿಸುವ ಮೀಟರಿರುವ ಕರೆಂಟಿನ ಕುಲುಮೆ ತಂದಿಟ್ಟಿದ್ದ. ಒಂದು ದಿನ ಭೀಮೇಶನನ್ನು ಕರೆದು ಹೇಳಿಯೇಬಿಟ್ಟ.

"ನೋಡು ಮಾರಾಯ, ಕೊಯಮತ್ತೂರಿನವ್ರು ನಮಗಿಂತ ಕಮ್ಮಿಗೆ ಕೊಡ್ತಾ ಇದಾರೆ. ಲೋಹದ ರೇಟು ನಮ್ ಕೈಲಿಲ್ಲ. ನಮ್ ಕೈಲಿರೋದು ಕರೆಂಟು, ರಿಜೆಕ್ಷನ್ನು, ಎರಡೇ. ನೀನು ಕಾಯಿಸಿ ಕಾಯಿಸಿ ಎರಡನ್ನೂ ಏರಿಸ್ತೀಯ. ನಾಳೆ ಪಂಪ್ ಕಂಪನಿಯವ್ರು ಸ್ಯಾಂಪಲ್ ಕೊಯ್ದು ನೋಡ್ತಾರೆ. ತೂತು ಸಿಕ್ಕಿದ್ರೆ ಆರ್ಡರೂ ಹೋಯ್ತು, ನಿನ್ನ ಕೆಲಸಾನೂ ಹೋಯ್ತು. ಆಮೇಲೆ ನನ್ನ ಬೈಕೋಬೇಡ."

"ಮೀಟರ್ ನೋಡೇ ಹೊಯ್ತೀನಿ ಸರ್."

"ಮೀಟರೂ ನೋಡ್ತೀಯ, ಆಮೇಲೆ ಒಳಗೂ ಬಗ್ಗಿ ನೋಡ್ತೀಯ. ಅದೇ ನಿನ್ನ ರೋಗ."

ಮರುದಿನ ಮೀಟರು ಗುರುತಿಗೆ ಬಂದು ನಿಂತಿತು. ಭೀಮೇಶ್ ಬಗ್ಗಿ ನೋಡಿದ. ಬೆಳ್ಳಗಿತ್ತು. ಇನ್ನೊಂದು ಚೂರು, ಇನ್ನೊಂದೇ ಚೂರು ಎಂದು ಮನಸ್ಸು ಹಟ ಹಿಡಿಯಿತು. ಅಯ್ಯೋ, ಆ ಕೆಂಪಿಗಾಗಿ ಅವನ ಜೀವ ಎಷ್ಟು ಬಾಯಿ ಬಿಡುತ್ತಿತ್ತು! ಹಲ್ಲು ಕಚ್ಚಿ ಸ್ವಿಚ್ ಆರಿಸಿದ, ಬೆಳ್ಳಗಿರುವಾಗಲೇ ಅಚ್ಚಿಗೆ ಹೊಯ್ದ.

ಕೊಯ್ದು ನೋಡಿದರೆ ಒಂದು ತೂತೂ ಇಲ್ಲ. "ಉಳ್ಕೊಂಡ್ವಿ ಮಾರಾಯ!" ಎಂದು ಸುದರ್ಶನ ಅವನ ಬೆನ್ನು ತಟ್ಟಿದ. ಎಲ್ಲರಿಗೂ ಮೈಸೂರುಪಾಕು ಹಂಚಿದ. ಭೀಮೇಶ್ ತನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಅವ್ವನಿಗೆಂದು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

"ಕೆಂಪಾಯ್ತಾ?" ಒಳಗಿನಿಂದ ಉಚ್ಚಂಗಮ್ಮ ಕೇಳಿದಳು.

"ಇಲ್ಲವ್ವ."

ತಟ್ಟೆಗೆ ಚಾಚಿದ್ದ ಕೈ ಅಲ್ಲೇ ನಿಂತಿತು. ಆ ಮನೆಯಲ್ಲಿ ಆ ಉತ್ತರ ಅವಳು ಕೇಳಿಯೇ ಇರಲಿಲ್ಲ. "ಹೋಗ್ಲಿ ಬಿಡಪ್ಪ, ನಾಳೆ ಆಗುತ್ತೆ."

"ನಾಳೇನೂ ಆಗಲ್ಲ. ಇದು ಕಬ್ಬಿಣ ಅಲ್ಲವ್ವ, ಬೇರೆ ಲೋಹ. ಇದು ಕೆಂಪಾದ್ರೆ ನನ್ನ ಕೆಲಸದಿಂದ ತೆಗೀತಾರೆ." ಇಷ್ಟು ಹೇಳುವಷ್ಟರಲ್ಲಿ ಆ ದೊಡ್ಡ ಗಂಡಸಿಗೆ ಅಳು ಬಂತು.

ಉಚ್ಚಂಗಮ್ಮ ತಟ್ಟೆ ಇಟ್ಟಳು, ಮುದ್ದೆ ಇಟ್ಟಳು, ಸಾರು ಬಿಟ್ಟಳು. ಅವನು ಕೊಟ್ಟ ಮೈಸೂರುಪಾಕನ್ನು ಅರ್ಧ ಮುರಿದು ಅವನ ತಟ್ಟೆಯ ಅಂಚಿಗೇ ಹಾಕಿದಳು. ಆಮೇಲೆ ಎದುರಿಗೆ ಕೂತು ಮೆಲ್ಲಗೆ ಕೇಳಿದಳು:

"ಹಂಗಾದ್ರೆ ನಾಳೆಯಿಂದ ನಿನ್ನ ಏನಂತ ಕೇಳ್ಲಿ ಮಗ?"