ದೇಸಾಯಿ ಸರ್ ಕೋಣೆಯ ಕುರ್ಚಿಗಳು

ಕಾಚಿಗೂಡ ನಿಲ್ದಾಣದಲ್ಲಿ ಎಸಿ ಬೋಗಿ ಹತ್ತಿದ ಕೂಡಲೇ ಮುಖಕ್ಕೆ ಬಡಿದ ತಣ್ಣನೆಯ ವಾಸನೆ ನನ್ನನ್ನು ಹಿಂದೆ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಕಂಪ್ಯೂಟರ್ ಕೋಣೆಗೆ ಎಳೆದೊಯ್ದಿತು. ಅಲ್ಲಿ ಬೀರುವಿನಷ್ಟು ದೊಡ್ಡ ಮೇನ್‌ಫ್ರೇಮ್ ಯಂತ್ರಕ್ಕೆ ನಮಗಿಂತ ಹೆಚ್ಚು ತಂಪು, ಹೆಚ್ಚು ಮರ್ಯಾದೆ.

ಹೊಸ ಯಂತ್ರ ಬಂದಾಗ ಅದಕ್ಕೊಂದು ಲೆಕ್ಕ ಕೊಡಬೇಕಿತ್ತು: ಹೆಚ್ಚೆಂದರೆ ಎಷ್ಟು ಡಿಸ್ಕು, ಟೇಪು ಜೋಡಿಸುತ್ತೀರಿ? ಹೇಳಿದಷ್ಟಕ್ಕೂ ಅದು ಶುರುವಾಗುವಾಗಲೇ ತನ್ನ ಮೆಮೊರಿಯಲ್ಲಿ ಜಾಗ ಕಾದಿರಿಸಿಬಿಡುತ್ತದೆ. ಅವು ಬರಲಿ, ಬಿಡಲಿ. ನಮ್ಮ ಮೇಲಧಿಕಾರಿ, ಕಲಬುರಗಿಯ ದೇಸಾಯಿ ಸರ್, ಇದ್ದುದರಲ್ಲೇ ದೊಡ್ಡ ಅಂಕಿ ಹಾಕಿಸಿದರು. "ಇರ್ಲಿ ಬಿಡ್ರಿ, ನಾಳೆ ಬೇಕಾದ್ರ ಎಲ್ಲಿ ಹುಡುಕೋದು?" ಮನೆಯಲ್ಲೂ ಅವರು ಹಾಗೆಯೇ, ಬಾರದ ನೆಂಟರಿಗಾಗಿ ಪೇರಿಸಿಟ್ಟ ಗಾದಿಗಳ ನಡುವೆ ಅವರ ಹೆಂಡತಿ ಮೈ ಓರೆ ಮಾಡಿಕೊಂಡು ಓಡಾಡುತ್ತಿದ್ದರು.

ಭಾನುವಾರ ಯಂತ್ರ ಶುರುವಾಯಿತು. ಮರುದಿನ ಖಾತೆಗಳಿಗೆ ಹೋಗಬೇಕಿದ್ದ ಪಿಂಚಣಿಯ ಪ್ರೋಗ್ರಾಂ ಮಾತ್ರ ಮೆಮೊರಿ ಸಾಲದೆಂದು ಮುಷ್ಕರ ಹೂಡಿತು. ಮೈಸೂರಿನ ಸುಜಾತಾ, ಇನ್ನೂ ಕೆಲಸ ಖಾಯಂ ಆಗದ ಹೊಸಬಳು, ಅಂಕಿ ಇಳಿಸೋಣವೆಂದಳು. ಸರ್ ಒಪ್ಪದೆ ಊಟಕ್ಕೆ ಹೋದರು. ಅವಳು ಆಫೀಸಿನ ಕುರ್ಚಿಗಳನ್ನೆಲ್ಲ ಅವರ ಕೋಣೆಗೆ ತುಂಬಿ, ಒಂದೊಂದಕ್ಕೂ 'ಮುಂದೆ ಬರಲಿರುವ ಡಿಸ್ಕಿಗೆ' ಎಂಬ ಚೀಟಿ ಅಂಟಿಸಿದಳು. ನಾನು ಬೇಡ ಬೇಡ ಎನ್ನುತ್ತಲೇ ಗೋಂದು ಹಿಡಿದು ನಿಂತಿದ್ದೆ. ನೀವಾಗಿದ್ದರೂ ಅಷ್ಟೇ ಮಾಡುತ್ತಿದ್ದಿರಿ.

ಸರ್ ಬಂದವರು ಬಾಗಿಲಲ್ಲೇ ನಿಂತರು. "ಏನ್ರಿ ಇದು? ನಾ ಎಲ್ಲಿ ಕುಂಡ್ರಲಿ?"

"ಪಿಂಚಣಿ ಪ್ರೋಗ್ರಾಮೂ ಅದನ್ನೇ ಕೇಳ್ತಿದೆ ಸರ್," ಎಂದಳು ಸುಜಾತಾ.

ನಾನು ಗೋಂದನ್ನು ಬೆನ್ನ ಹಿಂದೆ ಅಡಗಿಸಿದೆ. ಅವಳನ್ನು ಖಾಯಂ ಮಾಡುವ ಸಹಿ ಅವರದೇ. ಸರ್ ಚೀಟಿಗಳನ್ನು ಒಂದೊಂದಾಗಿ ಓದಿದರು. ಓದುತ್ತ ಓದುತ್ತ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ಭಾಳ ಶಾಣ್ಯಾ ಅದೀರಿ. ಇಳಿಸ್ರಿ!" ಅಂಕಿ ಇಳಿಯಿತು, ಯಂತ್ರ ಮತ್ತೊಮ್ಮೆ ಶುರುವಾಯಿತು, ಸೋಮವಾರ ಪಿಂಚಣಿ ಎಲ್ಲರ ಖಾತೆ ಸೇರಿತು. ಸುಜಾತಾಳ ನೌಕರಿಯೂ ಉಳಿಯಿತು.

ಅಲ್ಲಿಗೇ ಮುಗಿದಿದ್ದರೆ ಗೆಲುವು ಅವಳದೇ. ಮುಂದಿನ ವರ್ಷ ಹೊಸ ಡಿಸ್ಕುಗಳು ಬಂದವು. ಅವಳಿಟ್ಟ ಮಿತಿ ಸಾಲಲಿಲ್ಲ. ಅದನ್ನು ಏರಿಸಲು ದೀಪಾವಳಿಯ ರಜೆಯಲ್ಲಿ ಇಡೀ ಯಂತ್ರವನ್ನೇ ನಿಲ್ಲಿಸಬೇಕಾಯಿತು. ಆ ದಿನ ಸರ್ ತಾವೇ ಒಂದು ಕುರ್ಚಿ ಹೊತ್ತು ತಂದು ಅವಳ ಮೇಜಿನೆದುರು ಇಟ್ಟರು. ಅದರ ಮೇಲಿನ ಚೀಟಿಯಲ್ಲಿ ಹೊಸ ಡಿಸ್ಕಿನ ಮಾತು ಇಷ್ಟೇ: 'ನಾ ಬಂದೀನ್ರಿ.'

ರೈಲು ಹೊರಟಿತು. ತಡೆಯಲಾರದೆ ಸುಜಾತಾಗೆ ಫೋನು ಮಾಡಿ ಆ ಕುರ್ಚಿಗಳ ನೆನಪು ತೆಗೆದೆ. ಈಗ ಅಲ್ಲಿ ಅವಳೇ ಮೇಲಧಿಕಾರಿ.

"ಈಗಿನ ಮಷೀನು ಬರೋ ಡಿಸ್ಕಿಗೆ ಅಂತ್ಲೇ ಬೇರೆ ಜಾಗ ಇಟ್ಕೊಂಡೇ ಬರತ್ತೆ ಕಣ್ರೀ," ಎಂದಳು. "ಜಗಳಕ್ಕೇ ಆಸ್ಪದ ಇಲ್ಲ. ಏನು ಹೇಳಿದ್ರೂ ಎಲ್ಲರೂ 'ಸರಿ ಮೇಡಂ' ಅಂತಾರೆ. ನೀವಾದ್ರೂ ಒಂದ್ಸಲ ಬಂದು ಜಗಳ ಆಡಿ."

ಒಪ್ಪಿಕೊಂಡೆ. ಯಾವ ವಿಷಯಕ್ಕೆ ಜಗಳ ಆಡಲಿ ಎಂದು ಈಗ ಕಿಟಕಿಯಾಚೆ ನೋಡುತ್ತ ಯೋಚಿಸುತ್ತಿದ್ದೇನೆ.