ಪ್ಲಾಸ್ಟರಕ್ಕ ಮತ್ತು ಬುಗುರಿಯ ಕಾಲು

ನಮ್ಮ ಅಮ್ಮನಿಗೆ ಹಾಕಿ ಎಂದರೆ ಅಷ್ಟಕ್ಕಷ್ಟೆ. ಹನ್ನೊಂದು ಜನ ಕೋಲು ಹಿಡಿದು ಇನ್ನು ಹನ್ನೊಂದು ಜನರ ಮೊಣಕಾಲು ಹುಡುಕುವ ಆಟ ಎಂದು ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು. ತಪ್ಪೇನೂ ಅಲ್ಲ. ಆಟ ಮುಗಿದ ಮೇಲೆ ಮುರಿದ ಬೆರಳು, ಉಳುಕಿದ ಮಣಿಕಟ್ಟು, ಬಿರುಕು ಬಿಟ್ಟ ಮೂಳೆ ಎಲ್ಲ ಸಾಲಾಗಿ ಬರುತ್ತಿದ್ದದ್ದು ಅವಳ ಕೋಣೆಗೇ. ಕಾರ್ಖಾನೆಯ ಆಸ್ಪತ್ರೆಯಲ್ಲಿ ಮೂಳೆ ವಿಭಾಗದ ಕೊನೆಯ ಕೋಣೆ ಅದು. ಪ್ಲಾಸ್ಟರ್ ಕಟ್ಟುವುದು, ಕಟ್ಟಿದ್ದನ್ನು ಕತ್ತರಿಸಿ ತೆಗೆಯುವುದು, ಇದೇ ಅವಳ ಕೆಲಸ. ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆಯವರು ಕೊಟ್ಟದ್ದು, ನಿವೃತ್ತಿಯವರೆಗೂ ಅದನ್ನೇ ಮಾಡಿದಳು. ಊರಿಗೆಲ್ಲ ಅವಳು ಪ್ಲಾಸ್ಟರಕ್ಕ. ನನ್ನನ್ನು ಮದುವೆಯಾದ ಮಹಾಶಯರು ಕೂಡ ಮೊದಲು ಕೇಳಿದ್ದು ನನ್ನ ಹೆಸರನ್ನಲ್ಲ, "ನೀವು ಪ್ಲಾಸ್ಟರಕ್ಕನ ಮಗಳಲ್ವಾ?" ಎಂದು.

ಆ ಕೋಣೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಎತ್ತರದ ಮಂಚ, ಉಗುರು ಬೆಚ್ಚಗಿನ ನೀರಿನ ಬಕೆಟ್ಟು, ಬಿಳಿ ಪುಡಿ ಮೆತ್ತಿದ ಬ್ಯಾಂಡೇಜಿನ ಸುರುಳಿಗಳು, ಕೊಕ್ಕಿನಂಥ ಮೂತಿಯ ದೊಡ್ಡ ಕತ್ತರಿ. ಸುರುಳಿಯನ್ನು ನೀರಿಗೆ ಬಿಟ್ಟು ಗುಳ್ಳೆ ನಿಲ್ಲುವವರೆಗೆ ಕಾಯಬೇಕು, ಆಮೇಲೆ ಹಗುರವಾಗಿ ಹಿಂಡಬೇಕು. ಅವಸರ ಮಾಡಿದವರಿಗೆ ಅಮ್ಮನ ಬೈಗುಳ ಖಾತ್ರಿ. ಸಂಜೆ ಅವಳು ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಬಿಳುಪು, ಕೂದಲಲ್ಲಿ ಬಿಳುಪು, ಮೈಯೆಲ್ಲ ಹೊಸದಾಗಿ ಸುಣ್ಣ ಬಳಿದ ಗೋಡೆಯ ವಾಸನೆ. ಈಗಲೂ ಯಾರ ಮನೆಗಾದರೂ ಸುಣ್ಣ ಹೊಡೆಯುತ್ತಿದ್ದರೆ ನಾನು ಬೀದಿಯಲ್ಲೇ ಒಂದು ಗಳಿಗೆ ನಿಂತುಬಿಡುತ್ತೇನೆ.

ಊರಿನವರಿಗೆ ಮಾತ್ರ ಹಾಕಿ ಎಂದರೆ ಜೀವ. ಕಾರ್ಖಾನೆಯ ತಂಡ ಗೆದ್ದರೆ ಮಾರನೇ ದಿನ ಮೆಷಿನ್ನುಗಳೂ ಚೆನ್ನಾಗಿ ಓಡುತ್ತವೆ ಎನ್ನುತ್ತಿದ್ದರು. ಆ ತಂಡದ ಕಣ್ಣುಮಣಿ ಬುಗುರಿ. ಚೆಂಡು ಸಿಕ್ಕಿತೆಂದರೆ ನಿಂತಲ್ಲೇ ಗಿರ್‍ರನೆ ತಿರುಗಿ ಎದುರಿನವರನ್ನು ದಿಕ್ಕೆಡಿಸುತ್ತಿದ್ದ, ಅದಕ್ಕೆ ಆ ಹೆಸರು. ಅವನಿಗೆ ಒಂಬತ್ತನೇ ನಂಬರಿನ ಅಂಗಿ. ಬುಗುರಿ ಆಡಲಾಗದ ದಿನ ಅವನ ಜಾಗದಲ್ಲಿ ಆಡಲೆಂದು ಒಬ್ಬ ಹುಡುಗನನ್ನು ಇಟ್ಟಿದ್ದರು. ಬುಗುರಿ ಆಡಲಾಗದ ದಿನವೇ ಬರುತ್ತಿರಲಿಲ್ಲ. ಹಾಗಾಗಿ ಆ ಹುಡುಗ ಪ್ರತಿ ಆಟಕ್ಕೂ ಅಂಗಿಗೆ ಇಸ್ತ್ರಿ ಮಾಡಿಕೊಂಡು ಹೋಗಿ, ಬೆಂಚಿನ ಮೇಲೆ ಕೂತು, ಇಸ್ತ್ರಿ ಕೆಡದ ಹಾಗೆ ವಾಪಸು ಬರುತ್ತಿದ್ದ. ಊರವರು ಅವನಿಗೂ ಒಂದು ಹೆಸರಿಟ್ಟರು, ಬೆಂಚು. ಅವನು ನನ್ನ ಅಣ್ಣ.

ಅಣ್ಣ ಕೆಟ್ಟ ಆಟಗಾರನಲ್ಲ. ತಂಗಿ ಎಂದು ಹೇಳುತ್ತಿಲ್ಲ, ಎಷ್ಟೋ ಸಲ ಅಭ್ಯಾಸದಲ್ಲಿ ಅವನನ್ನು ನೋಡಿದ್ದೇನೆ. ಚೆಂಡನ್ನು ನೆಲಕ್ಕೆ ಅಂಟಿಸಿದ ಹಾಗೆ ಒಯ್ಯುತ್ತಿದ್ದ. ಆದರೆ ಬುಗುರಿ ಇರುವ ಊರಲ್ಲಿ ಹುಟ್ಟಿದನಲ್ಲ, ಏನು ಮಾಡುವುದು.

ಆ ವರ್ಷ ಸೆಮಿಫೈನಲ್ಲಿನಲ್ಲಿ ಯಾರದೋ ಕೋಲು ಬುಗುರಿಯ ಎಡಗಾಲಿನ ಅಂಚಿಗೆ ಬಿತ್ತು. ಅವನು ಹಲ್ಲು ಕಚ್ಚಿಕೊಂಡು ಆಡಿ ಗೋಲನ್ನೂ ಹೊಡೆದ. ಆಮೇಲೆ ನೋಡಿದರೆ ಶೂ ಬಿಚ್ಚಲಾಗಲಿಲ್ಲ, ಕಾಲು ಅಷ್ಟು ಊದಿತ್ತು. ಕಿರುಬೆರಳಿನ ಕಡೆಯ ಮೂಳೆಯಲ್ಲಿ ಬಿರುಕು. ಡಾಕ್ಟರು ಹೇಳಿದರು, ಅಮ್ಮ ಪ್ಲಾಸ್ಟರ್ ಕಟ್ಟಿದಳು. ಫೈನಲ್ಲಿಗೆ ಇನ್ನೂ ಕೆಲವು ವಾರಗಳಿದ್ದವು. ಅಷ್ಟರೊಳಗೆ ಕೂಡಿದರೆ ಕೂಡಿತು, ಇಲ್ಲದಿದ್ದರೆ ಬೆಂಚು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಮೆರವಣಿಗೆ. ಆಗ ಈಗಿನ ಹಾಗೆ ಎಲ್ಲರ ಕೈಯಲ್ಲಿ ಫೋನಿರಲಿಲ್ಲ, ಸುದ್ದಿ ಬೇಕೆಂದರೆ ಮನುಷ್ಯರನ್ನೇ ಹಿಡಿಯಬೇಕಿತ್ತು. ಎಲ್ಲರೂ ಅಮ್ಮನನ್ನು ಹಿಡಿದರು. ನಲ್ಲಿಯ ಹತ್ತಿರ ಅವಳ ಬಿಂದಿಗೆಗೆ ಮೊದಲ ಸ್ಥಾನ. ಬಸ್ಸಿನಲ್ಲಿ ಕಂಡಕ್ಟರ್ ಎದ್ದು ತನ್ನ ಸೀಟು ಕೊಟ್ಟ. ತರಕಾರಿಯವಳು ತೂಕ ಮುಗಿದ ಮೇಲೂ ಕೈತುಂಬ ಹಾಕಿ, "ಅಕ್ಕಾ, ಕಾಲಿನ ಸಮಾಚಾರ ಏನು?" ಎಂದು ಕಿವಿಯಲ್ಲಿ ಕೇಳಿದಳು.

"ಕಾಲು ಕಾಲಿನ ಜಾಗದಲ್ಲೇ ಇದೆ" ಎನ್ನುತ್ತಿದ್ದಳು ಅಮ್ಮ. ಎಲ್ಲರಿಗೂ ಅದೇ ಉತ್ತರ. ಯಾರ ಮೂಳೆಯ ಸುದ್ದಿಯೂ ಆ ಕೋಣೆಯ ಬಾಗಿಲು ದಾಟಬಾರದು ಎಂಬುದು ಅವಳ ನೇಮ. ಪಕ್ಕದ ಮನೆಯವಳು ಸೊಂಟ ಮುರಿದುಕೊಂಡದ್ದೂ ನಮಗೆ ಬೇರೆಯವರಿಂದಲೇ ತಿಳಿದಿತ್ತು.

ಬಾಯಿ ಬಿಡದವಳ ಮುಖ ಓದಲು ಜನ ಶುರುಮಾಡಿದರು. ಇದರ ಮುಂದಾಳು ನಮ್ಮ ಟೈಲರ್ ಮಾಸ್ಟರು. ತಂಡದ ಅಂಗಿಗಳನ್ನೆಲ್ಲ ಹೊಲಿಯುತ್ತಿದ್ದದ್ದು ಅವರೇ. ಬಟನ್ನು, ನಂಬರು ಹಚ್ಚಲು ನಾನು ಅವರ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಯಿಂದ ಆಸ್ಪತ್ರೆಯ ಗೇಟು ಕಾಣುತ್ತಿತ್ತು. ಅಮ್ಮನ ಡ್ಯೂಟಿ ಮುಗಿಯುವ ಹೊತ್ತಿಗೆ ಅಲ್ಲೊಂದು ಸಣ್ಣ ಜಾತ್ರೆಯೇ ಸೇರುತ್ತಿತ್ತು. ಅಕ್ಕ ಬೇಗ ನಡೆದರೆ ಕಾಲು ಕೂಡುತ್ತಿದೆ, ನಿಧಾನ ನಡೆದರೆ ಇಲ್ಲ, ಎಂದು ಅವರದೇ ಒಂದು ಲೆಕ್ಕ.

ಒಂದು ಸಂಜೆ ಅಮ್ಮನಿಗೆ ದವಡೆ ಹಲ್ಲು ನೋವು. ಕೆನ್ನೆ ಊದಿ, ಕಣ್ಣಲ್ಲಿ ನೀರು ತುಂಬಿ, ಕರವಸ್ತ್ರ ಬಾಯಿಗೊತ್ತಿಕೊಂಡು ಗೇಟು ದಾಟಿ ಬಂದಳು. ಮಾಸ್ಟರು ಕತ್ತರಿ ಕೆಳಗಿಟ್ಟು ತಲೆ ಮೇಲೆ ಕೈಹೊತ್ತು ಕೂತರು. "ಹಲ್ಲು ನೋವು ಮಾಸ್ಟರೇ" ಎಂದು ನಾನು ಹೇಳುತ್ತಲೇ ಇದ್ದೆ, ಯಾರು ಕೇಳುತ್ತಾರೆ? ಸುದ್ದಿ ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಬುಗುರಿಯ ಕಾಲನ್ನೇ ತೆಗೆಯಬೇಕಂತೆ ಎಂದಾಗಿತ್ತು. ಟೀ ಅಂಗಡಿಯವನು ರೇಡಿಯೋ ಆರಿಸಿದ. ಮರುದಿನ ಅಮ್ಮ ಹಲ್ಲು ಕೀಳಿಸಿಕೊಂಡು ಹಗುರಾಗಿ ಬಂದದ್ದೇ ತಡ, ಅದೇ ಟೀ ಅಂಗಡಿಯವನು ಎಲ್ಲರಿಗೂ ಬಿಸ್ಕತ್ತು ಹಂಚಿದ. "ಕಿತ್ತದ್ದು ನನ್ನ ಹಲ್ಲು ಕಣ್ರಪ್ಪಾ, ಅವನ ಕಾಲಲ್ಲ" ಎಂದಳು ಅಮ್ಮ. ಅದನ್ನೂ ಅವರು ಶುಭ ಸೂಚನೆ ಎಂದೇ ತಿಳಿದರು.

ನಗುತ್ತೇನೆ ಈಗ. ಆಗ ನನ್ನ ಹೊಟ್ಟೆ ಉರಿಯುತ್ತಿತ್ತು. ಬುಗುರಿ ಆಡದಿದ್ದರೆ ಆಡುವವನು ಒಬ್ಬನಿದ್ದಾನೆ, ಅವನು ಇದೇ ಅಕ್ಕನ ಮಗ, ಎನ್ನುವುದು ಆ ಗುಂಪಿನಲ್ಲಿ ಒಬ್ಬರಿಗಾದರೂ ನೆನಪಿತ್ತೇ? ಆ ಕಾಲು ಇನ್ನೊಂದಿಷ್ಟು ದಿನ ಪ್ಲಾಸ್ಟರಿನಲ್ಲೇ ಇರಲಿ ಎಂದು ನನಗನಿಸಿತ್ತು. ಯಾಕೆ ಅನಿಸಬಾರದು? ಬುಗುರಿಗೆ ಮುಂದೆ ನೂರು ಆಟ ಇದ್ದವು, ಅಣ್ಣನಿಗೆ ಬೇಕಿದ್ದದ್ದು ಒಂದು.

ಅಣ್ಣ ಮಾತ್ರ ಏನೂ ಕೇಳುತ್ತಿರಲಿಲ್ಲ. ಸಂಜೆ ಹಿತ್ತಲ ಗೋಡೆಗೆ ಚೆಂಡು ಹೊಡೆಯುತ್ತಿದ್ದ, ಟಕ್, ಟಕ್, ಟಕ್. ಒಳಗೆ ಅಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಒಮ್ಮೆ ಊಟಕ್ಕೆ ಕೂತಾಗ ಅವನು ತಡೆಯಲಾರದೆ, "ಹೇಗಿದಾನಮ್ಮ ಬುಗುರಿ?" ಎಂದ. ಅಮ್ಮ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ, "ತಟ್ಟೆ ನೋಡ್ಕೊಂಡು ಊಟ ಮಾಡು" ಎಂದಳು. ಅವನು ಮತ್ತೆ ಕೇಳಲಿಲ್ಲ.

ಪ್ಲಾಸ್ಟರ್ ಬಿಚ್ಚುವ ದಿನ ಆಸ್ಪತ್ರೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಸ್ಟರು ಹೊಸ ಒಂಬತ್ತನೇ ನಂಬರಿನ ಅಂಗಿ ಹೊಲಿದು, "ಬಿಚ್ಚಿದ ತಕ್ಷಣ ಅವನ ಕೈಗೆ ಕೊಡಮ್ಮ, ಒಳ್ಳೇದಾಗುತ್ತೆ" ಎಂದು ನನ್ನನ್ನು ಒಳಗೆ ಕಳಿಸಿದರು. ಯಾರ ಕೈಯಲ್ಲಿ ಕಳಿಸುತ್ತಿದ್ದಾರೆ ಎಂಬ ಯೋಚನೆ ಅವರಿಗೆ ಬರಲಿಲ್ಲ. ಹಾಗಾಗಿ ಎಲ್ಲವನ್ನೂ ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ.

ಅಮ್ಮ ಕತ್ತರಿಸಿ ಚಿಪ್ಪು ಬಿಡಿಸಿದಳು. ಕಾಲು ಸಣ್ಣಗಾಗಿ, ಬಿಳಚಿಕೊಂಡು, ಚರ್ಮ ಎದ್ದು ಬಂದಿತ್ತು. ಡಾಕ್ಟರು ಕಿಟಕಿಯ ಬೆಳಕಿಗೆ ಎಕ್ಸ್‌ರೇ ಹಿಡಿದು ತಲೆ ಓರೆಮಾಡಿ ನೋಡುತ್ತಿದ್ದರು. "ಇದರಲ್ಲಿ ಸರಿಯಾಗಿ ಗೊತ್ತಾಗ್ತಿಲ್ಲವಲ್ಲ. ನೋವಿದೆಯೇನಪ್ಪಾ?"

"ಏನೂ ಇಲ್ಲ ಸರ್" ಎಂದ ಬುಗುರಿ. ಕೆಳಗಿಳಿದು ನಿಂತ, ನಕ್ಕ, ನನ್ನ ಕೈಯಿಂದ ಅಂಗಿ ಇಸಿದುಕೊಂಡು ಮೆಲ್ಲಗೆ ಒಂದು ಸುತ್ತು ತಿರುಗಿಯೂ ತೋರಿಸಿದ. ಕಿಟಕಿಯ ಹೊರಗಿದ್ದವರು ಚಪ್ಪಾಳೆ ತಟ್ಟಿದರು. 

ಅಮ್ಮ ಅವನನ್ನು ಮತ್ತೆ ಮಂಚದ ಮೇಲೆ ಕೂರಿಸಿ ಒದ್ದೆ ಬಟ್ಟೆಯಿಂದ ಕಾಲು ಒರೆಸತೊಡಗಿದಳು. ಒರೆಸುತ್ತ ಹೆಬ್ಬೆರಳಿನಿಂದ ಅಂಚನ್ನು ಒತ್ತಿದಳು. ಅವನ ಮುಖದಲ್ಲಿ ನಗು ಹಾಗೇ ಇತ್ತು. ಆದರೆ ಅಂಗಿ ಹಿಡಿದ ಮುಷ್ಟಿ ಬಿಗಿಯಾಯಿತು. ಅವನು ಬಗ್ಗಿ, ಡಾಕ್ಟರಿಗೆ ಕೇಳಿಸದ ಹಾಗೆ, "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಕಳಿಸಿಬಿಡಿ. ಒಂದೇ ಒಂದು ಆಟ" ಎಂದ.

ಅಮ್ಮ ಬಟ್ಟೆ ಪಕ್ಕಕ್ಕಿಟ್ಟಳು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಅದೇ ಜಾಗವನ್ನು ಇನ್ನೊಂದು ಸಲ ಒತ್ತಿದಳು. ಬುಗುರಿ ಕಿರುಚಿದ್ದು ಅಂಗಳಕ್ಕೆಲ್ಲ ಕೇಳಿಸಿತು.

"ಸರ್, ಇನ್ನೂ ಕೂಡಿಲ್ಲ" ಎಂದಳು.

ಡಾಕ್ಟರು ಬಂದು ತಾವೂ ಮುಟ್ಟಿ ನೋಡಿದರು. ತಮಗೂ ಅದೇ ಅನುಮಾನವಿತ್ತು, ಈ ಕಾಲಲ್ಲಿ ಆಡಿದರೆ ಆಮೇಲೆ ಕುಂಟಬೇಕಾಗುತ್ತದೆ ಎಂದು ಹೇಳಿ, ಮತ್ತೆ ಪ್ಲಾಸ್ಟರ್ ಬರೆದರು.

ಬುಗುರಿಯ ಕಣ್ಣು ಕೆಂಪಾಗಿತ್ತು. "ನಿಮ್ಮ ಮಗ ಆಡ್ಬೇಕಲ್ಲ, ಅದಕ್ಕೇ ಅಲ್ವಾ ಅಕ್ಕಾ?"

ಅಮ್ಮ ಸುರುಳಿಯನ್ನು ನೀರಿಗೆ ಬಿಟ್ಟು, ಗುಳ್ಳೆ ನಿಲ್ಲುವವರೆಗೂ ಕಾದಳು. "ಕಾಲು ಅಲ್ಲಾಡಿಸ್ಬೇಡ" ಎಂದಷ್ಟೇ ಹೇಳಿದಳು.

ಅವನ ಮಾತು ಅವಳಿಗಿಂತ ಮೊದಲೇ ಗೇಟು ದಾಟಿತ್ತು. ಒಂದು ಸಲ ಒತ್ತಿದ್ದು ಸಾಲದೆ ಎರಡನೇ ಸಲ ಬೇಕಂತಲೇ ಒತ್ತಿದಳಂತೆ, ಕೂಡಿದ ಮೂಳೆಯನ್ನು ಮತ್ತೆ ಮುರಿದಳಂತೆ, ಎಂದೆಲ್ಲ ಆಡಿಕೊಂಡರು. ನಲ್ಲಿಯ ಹತ್ತಿರ ಅವಳ ಬಿಂದಿಗೆ ಕೊನೆಗೆ ಹೋಯಿತು. ತರಕಾರಿಯವಳು ಮುಖ ತಿರುಗಿಸಿಕೊಂಡು ತೂಗಿದಳು. ಮಾಸ್ಟರು ಬುಗುರಿ ವಾಪಸು ಕಳಿಸಿದ್ದ, ಮುದ್ದೆಯಾದ ಆ ಅಂಗಿಯನ್ನು ನನ್ನ ಮುಂದೆ ಎಸೆದು, "ನಿಮ್ಮ ಅಣ್ಣಂಗೇ ಸರಿಮಾಡ್ಕೊಡು, ಎಲ್ಲ ನಿಮ್ಮಿಷ್ಟದ ಹಾಗೇ ಆಯ್ತಲ್ಲ" ಎಂದರು. ನನಗೂ ನಾಲಿಗೆಯಿತ್ತು. ಅವರಿಗೆ ತಕ್ಕ ಉತ್ತರ ಕೊಟ್ಟು, ಅಂಗಿ ಮನೆಗೆ ತಂದು, ಎರಡೂ ಪಕ್ಕ ಹಿಡಿದು ಹೊಲಿದೆ. ಅಣ್ಣ ಬುಗುರಿಗಿಂತ ಸಣಕಲ.

 ಅಣ್ಣ ಅದನ್ನು ಮಡಿಸಿ ಪಕ್ಕಕ್ಕಿಟ್ಟು, "ನಾನು ಆಡಲ್ಲಮ್ಮ. ನಿನ್ನನ್ನ ಅಂತಾರೆ" ಎಂದ.

"ಅಂದವರ ಕೈಕಾಲು ಮುರಿದ್ರೆ ನನ್ನ ಹತ್ರಾನೇ ಬರ್ಬೇಕು" ಎಂದಳು ಅಮ್ಮ. "ಹೋಗಿ ಆಡು."

ಆಡಿದ. ಶುರುವಿನಲ್ಲಿ ಜನ ಕೂಗಾಡಿದರು, ಆಮೇಲೆ ಸುಮ್ಮನಾದರು, ಯಾಕೆಂದರೆ ಅವನು ಚೆನ್ನಾಗಿಯೇ ಆಡುತ್ತಿದ್ದ. ಕೊನೆಯ ಗಳಿಗೆಯಲ್ಲಿ ಇಬ್ಬರನ್ನು ದಾಟಿ ಹೊಡೆದ. ಚೆಂಡು ಗೋಲಿನ ಕಂಬಕ್ಕೆ ಬಡಿದು ವಾಪಸು ಬಂತು. ಒಂದು ಗೋಲಿನಿಂದ ಸೋತೆವು. ಬುಗುರಿ ಇದ್ದಿದ್ದರೆ, ಬುಗುರಿ ಇದ್ದಿದ್ದರೆ, ಎಂದುಕೊಂಡೇ ಜನ ಮನೆಗೆ ಹೋದರು. ಅಣ್ಣ ಮಾತ್ರ ಮಣ್ಣಾದ ಅಂಗಿಯಲ್ಲಿ ನಗುತ್ತ ಬಂದ. "ಅಮ್ಮಾ, ಕಂಬಕ್ಕೆ ಬಡೀತು ನೋಡು, ಇಷ್ಟೇ ಇಷ್ಟು." ಡ್ಯೂಟಿ ಮುಗಿಸಿ ಆಗತಾನೆ ಬಂದಿದ್ದ ಅಮ್ಮ, "ನಿನ್ನ ಕಾಲಿಗೆ ಏನೂ ಆಗಿಲ್ಲ ತಾನೆ?" ಎಂದು ಕೇಳಿದಳು.

ಮುಂದಿನ ವರ್ಷ ಬುಗುರಿ ಬಂದ, ಅಣ್ಣ ಮತ್ತೆ ಬೆಂಚಿಗೆ ಹೋದ. ಬುಗುರಿ ಆ ಕಾಲಲ್ಲೇ ವರ್ಷಗಟ್ಟಲೆ ಆಡಿದ. ಅಮ್ಮನನ್ನು ಮಾತಾಡಿಸಲಿಲ್ಲ. ಎಷ್ಟೋ ಕಾಲದ ಮೇಲೆ ತನ್ನ ಮಗ ಕೈ ಮುರಿದುಕೊಂಡಾಗ ಎತ್ತಿಕೊಂಡು ಅದೇ ಕೋಣೆಗೆ ಬಂದ. ಅಳುತ್ತಿದ್ದ ಮಗುವಿಗೆ, "ಅಳ್ಬೇಡ, ಅಜ್ಜಿ ಎರಡು ಸಲ ಒತ್ತಿ ನೋಡ್ಲಿ. ನೋಡಿದ್ರೇನೇ ಒಳ್ಳೇದು" ಎಂದನಂತೆ. ಅಮ್ಮ ಮನೆಗೆ ಬಂದು ಇದನ್ನು ಹೇಳಿದಳು. ಆ ಕೋಣೆಯ ಸುದ್ದಿ ಅವಳು ಮನೆಗೆ ತಂದದ್ದು ಅದೊಂದೇ ಸಲ.

ಅಣ್ಣನಿಗೀಗ ಮೊಮ್ಮಕ್ಕಳು. ಕಂಬದ ಕಥೆ ಅವರಿಗೆಲ್ಲ ಬಾಯಿಪಾಠ. ವರ್ಷ ಕಳೆದ ಹಾಗೆ ಆ ಚೆಂಡು ಗೋಲಿಗೆ ಹತ್ತಿರ ಹತ್ತಿರ ಹೋಗುತ್ತಿದೆ, ನಾವು ಬದುಕಿದ್ದರೆ ಒಳಗೆ ಹೋಗುವುದನ್ನೂ ನೋಡುತ್ತೇವೆ.

ಅಮ್ಮನ ಕೊನೆಗಾಲದಲ್ಲಿ ಒಂದು ಬೆಳಗ್ಗೆ ಜಗಲಿಯಲ್ಲಿ ಕೂತು ಅವಳ ಉಗುರು ಕತ್ತರಿಸುತ್ತಿದ್ದೆ. ಸಂದಿಯ ಬಿಳುಪೆಲ್ಲ ಎಂದೋ ಹೋಗಿತ್ತು. ಅಷ್ಟು ವರ್ಷ ಕೇಳದ್ದನ್ನು ಕೇಳಿದೆ. "ಬುಗುರಿಯ ಮುಷ್ಟಿ ಬಿಗಿಯಾಗಿದ್ದು ನಿನಗೆ ಮೊದಲನೇ ಸಲವೇ ಕಾಣಿಸಿತ್ತಲ್ಲಮ್ಮ. ಎರಡನೇ ಸಲ ಯಾಕೆ ಒತ್ತಿದೆ?"

ಅವಳು ಬೀದಿಯ ಕಡೆ ನೋಡುತ್ತ ಕೂತಿದ್ದಳು. "ಮೊದಲನೇ ಸಲ ನನಗೆ ಖುಷಿಯಾಯ್ತು ಕಣೇ. ನನ್ನ ಮಗ ಆಡ್ತಾನೆ ಅಂತ. ಆ ಖುಷಿ ನೋಡಿ ನನಗೇ ಭಯ ಆಯ್ತು. ನೋವು ಅವನ ಕಾಲಲ್ಲಿದೆಯೋ, ಇಲ್ಲಾ ಇರ್ಲಿ ಅಂತ ನಾನೇ ಅಂದ್ಕೊಂಡ್ನೋ, ಒಂದೂ ಗೊತ್ತಾಗ್ಲಿಲ್ಲ. ಅದಕ್ಕೇ ಇನ್ನೊಂದು ಸಲ ನೋಡ್ದೆ. ಅವನು ಕಿರುಚದೇ ಇದ್ದಿದ್ರೆ ಕಳಿಸಿಬಿಡ್ತಿದ್ದೆ."

 ನಾನು ಅವಳ ಕಿರುಬೆರಳು ಹಿಡಿದುಕೊಂಡೇ ಕೂತೆ.

"ನಾನು ನಿಮ್ಮಣ್ಣನ ಆಟ ಒಂದೂ ನೋಡ್ಲಿಲ್ಲ" ಎಂದಳು. "ಕಂಬಕ್ಕೆ ಬಡೀತು ಅಂತಾನಲ್ಲ, ನಿಜವಾಗ್ಲೂ ಬಡೀತಾ? ನೀನು ಅಲ್ಲಿದ್ಯಲ್ಲ."

"ಬಡೀತಮ್ಮ. ನಾನೇ ಕೇಳಿದೀನಿ ಆ ಸದ್ದು."

"ಹೇಳು ಹಾಗಾದ್ರೆ, ಮೊದಲಿಂದ" ಎಂದು ಅವಳು ಇನ್ನೊಂದು ಕೈ ಮುಂದೆ ಚಾಚಿದಳು.